ಕರೆಯದೆ ಹೋಗಬಾರದ ಮನೆ

ದಾಳ ಉರುಳಿಸುವ ಮುಂಚೆ ನಮ್ಮತ್ತೆ ಕೈಬಳೆಗಳನ್ನೆಲ್ಲ ಮೇಲಕ್ಕೆ ಸರಿಸಿ, ಎಡಗೈ ನೆಲಕ್ಕೂರಿ, ಬಲಗೈಯನ್ನು ಕಿವಿಯ ಹತ್ತಿರ ಒಯ್ದು ಕುಲುಕುತ್ತಿದ್ದರು. ದಾಳ ಏನೋ ಗುಟ್ಟು ಹೇಳುತ್ತಿದೆ ಎನ್ನುವ ಹಾಗೆ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡು ಆಮೇಲೆ ಬಿಡುವರು. ಬಿದ್ದದ್ದು ಒಂದಾಗಲಿ ಆರಾಗಲಿ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ. ಎದುರಿಗೆ ಕೂತ ನಾನು ಮಾತ್ರ ಬಗ್ಗಿ ಬಗ್ಗಿ ನೋಡುತ್ತಿದ್ದೆ.

ಶ್ರೀರಂಗಪಟ್ಟಣದ ಪೇಟೆಯಲ್ಲಿ ಬೆಳೆದ ನಾನು ತೊಂಬತ್ತರ ದಶಕದ ಶುರುವಿನಲ್ಲಿ ಕ್ಯಾತನಹಳ್ಳಿಗೆ ಸೊಸೆಯಾಗಿ ಬಂದೆ. ಅತ್ತೆ ಮಾತು ಕಡಿಮೆ. ನಾನೋ ಬಾಯಿ ಮುಚ್ಚಿದರೆ ಉಸಿರು ಕಟ್ಟುವ ಪೈಕಿ. ಮುದ್ದೆ ಉಂಡು ಗಂಡಸರು ಕಬ್ಬಿನ ಗದ್ದೆ ಕಡೆ ಹೋದ ಮೇಲೆ ಮನೆ ಭಣಗುಟ್ಟುತ್ತಿತ್ತು. ಟೀವಿಯೇನೋ ಇತ್ತು, ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಹಾಗಾಗಿ ಚೌಕಾಬಾರ ಶುರುವಾಯಿತು. ಕವಡೆ ಯಾಕೋ ನನ್ನ ಪರವಾಗಿಯೇ ಬೀಳುತ್ತಿದ್ದವು. ಮೇಲಿಂದ ಮೇಲೆ ಸೋತು ರೋಸಿಹೋದ ಅತ್ತೆ ಒಂದು ದಿನ ಕವಡೆಗಳನ್ನು ಆಚೆ ತಳ್ಳಿದರು.

"ಇದೂ ಒಂದ್ ಆಟವಾ ಅಮ್ಮಿ? ಕವಡೆ ಬಿದ್ದಂಗೆ ಕಾಯಿ ನಡೆಸಾಕೆ ನಾವ್ಯಾಕ್ ಬೇಕು? ಬುದ್ಧಿಗೂ ಒಸಿ ಕೆಲ್ಸ ಇರ್ಬೇಕು."

ಮಾರನೇ ದಿನದಿಂದಲೇ ಅತ್ತೆ ತಮ್ಮದೇ ಆಟ ಕಟ್ಟಲು ಕೂತರು. ಯೂರಿಯಾ ಚೀಲವೊಂದನ್ನು ಬಿಚ್ಚಿ, ಒಗೆದು, ಅಗಲಕ್ಕೆ ಹಾಸಿ, ಬಣ್ಣದ ದಾರದಲ್ಲಿ ಮನೆಗಳನ್ನು ಹೊಲಿದರು. ನೀಲಿ ದಾರದ್ದು ನಾಲೆ, ಹಸಿರಿನದು ಕಬ್ಬಿನ ಗದ್ದೆ, ನಡುಮಧ್ಯೆ ಆಲೆಮನೆ. ಊರಿನ ಆಚಾರಿಯ ಹತ್ತಿರ ಮರದ ಎರಡು ಪಗಡೆ ದಾಳ ಮಾಡಿಸಿ ತಂದರು. ಎರಡನ್ನೂ ಒಟ್ಟಿಗೆ ಬಿಡಬೇಕು. ಬಿದ್ದ ಮೇಲೆ ಒಂದು ದಾಳದಷ್ಟು ಕಾಯಿ ನಡೆಸುವುದು, ಇನ್ನೊಂದರಷ್ಟು ಗದ್ದೆಗೆ ನೀರು ಬಿಡುವುದು. ಯಾವುದು ನಡೆಗೆ, ಯಾವುದು ನೀರಿಗೆ ಎನ್ನುವುದು ಆಡುವವರ ಇಷ್ಟ. ನೀರು ಕಂಡ ಗದ್ದೆಯ ಕಬ್ಬನ್ನು ಆಲೆಮನೆಗೆ ಮೊದಲು ಸಾಗಿಸಿದವರು ಗೆದ್ದಂತೆ. ದಾರಿಯಲ್ಲಿ ಸಿಕ್ಕ ಕಾಯಿಯನ್ನು ಹೊಡೆಯಬಹುದು. ಕೇಳಲು ಸಲೀಸು, ಆಡಲು ಕೂತರೆ ತಲೆ ಬಿಸಿಯಾಗುತ್ತಿತ್ತು. ದಿನಕ್ಕೊಂದು ನಿಯಮ ಹುಟ್ಟುತ್ತಿತ್ತು, ಸಂಜೆಯೊಳಗೆ ಅರ್ಧ ಸಾಯುತ್ತಿತ್ತು. ಜಗಳವಾಡುತ್ತ ಆಡುತ್ತ ನಾವಿಬ್ಬರೂ ಯಾವಾಗ ಹತ್ತಿರವಾದೆವೋ ಗೊತ್ತಾಗಲಿಲ್ಲ.

ಆಷಾಢ ಬಂತು. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದಲ್ಲ, ಅಣ್ಣ ಬಂದು ನನ್ನನ್ನು ಕರೆದುಕೊಂಡು ಹೋದ. ಶ್ರಾವಣದಲ್ಲಿ ತಿರುಗಿ ಬಂದಾಗ ಚೀಲದ ಮೂಲೆಯಲ್ಲಿ ಕೆಂಪು ದಾರದ ಹೊಸ ಮನೆಯೊಂದು ಕೂತಿತ್ತು. ಅದು ತೌರು. ಅಲ್ಲಿರುವ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಆದರೆ ಕಾಯಿ ತಾನಾಗಿ ಅಲ್ಲಿಗೆ ಹೋಗುವಂತೆಯೂ ಇಲ್ಲ. ಎದುರು ಕೂತವರು ತಮ್ಮ ಆ ಸಲದ ದಾಳ ಬಿಟ್ಟುಕೊಟ್ಟು ಕರೆಯಬೇಕು.

ನನಗೆ ನಗು ತಡೆಯಲಾಗಲಿಲ್ಲ. ಹೊಡೆಯಲು ಹೊಂಚು ಹಾಕಿ ಕೂತವಳು ತನ್ನ ಆಟ ಕೆಡಿಸಿಕೊಂಡು ಯಾಕೆ ಕರೆಯುತ್ತಾಳೆ, ಇಂಥ ನಿಯಮ ಯಾರಿಗೆ ಬೇಕು ಎಂದು ಕೇಳಿದೆ. ಅಷ್ಟೊಂದು ಲೆಕ್ಕಾಚಾರದ ಹೆಂಗಸು ಇದನ್ನು ಯೋಚಿಸಿಯೇ ಇರಲಿಲ್ಲ. ನನ್ನನ್ನೇ ನೋಡಿದರು.

"ಕರೀದೆ ಎಂಗಮ್ಮಿ ಓಗಾದು?"

ರಾತ್ರಿ ನನ್ನ ಗಂಡನಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ಅತ್ತೆಯ ತೌರು ನಾಗಮಂಗಲದ ಕಡೆಯ ಹಳ್ಳಿ. ಯಾವುದೋ ಮದುವೆಯಲ್ಲಿ ಸರಿಯಾಗಿ ಕೂರಿಸಿ ಬಡಿಸಲಿಲ್ಲ ಎನ್ನುವಷ್ಟು ಸಣ್ಣ ಮಾತು ಬೆಳೆದು, ಅತ್ತೆಯ ಅಣ್ಣ ಗೌರಿಹಬ್ಬಕ್ಕೆ ಬಾಗಿನ ತರುವುದನ್ನು ನಿಲ್ಲಿಸಿದ್ದರಂತೆ. ಬಾಗಿನ ಕೊಟ್ಟು ಕರೆಯದ ಮೇಲೆ ಅತ್ತೆಯೂ ಆ ಕಡೆ ಹೆಜ್ಜೆ ಇಟ್ಟಿರಲಿಲ್ಲ.

ನನ್ನ ಕಾಟ ತಾಳದೆ ಗಂಡ ನಾಗಮಂಗಲಕ್ಕೆ ಹೋಗಿ ಸೋದರಮಾವನನ್ನು ಕೇಳಿ ಬಂದರು. ಅವರೂ ಅದೇ ಹಟದ ಮನುಷ್ಯ. ಹುಟ್ಟಿದ ಮನೆಗೆ ಬರಲು ಅವಳಿಗೆ ಕರೆ ಬೇರೆ ಬೇಕಾ, ಬಾಗಿಲು ಹಾಕಿದ್ದೀವಾ ಎಂದಿದ್ದರಂತೆ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಸುಲಿಯುವುದನ್ನು ನಿಲ್ಲಿಸಲಿಲ್ಲ. ಮಧ್ಯಾಹ್ನ ಆಟಕ್ಕೆ ಮಾತ್ರ ಬರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಒಂದು ಆಟದಲ್ಲಿ ನಾನು ಗೆಲುವಿನ ಅಂಚಿಗೆ ಬಂದಿದ್ದೆ. ಅತ್ತೆಯ ಕೊನೆಯ ಕಾಯಿ ನನ್ನ ದಾರಿಯಲ್ಲೇ ನಿಂತಿತ್ತು, ದಾಳವೂ ಬೇಕಾದ ಹಾಗೆಯೇ ಬಿದ್ದಿತ್ತು. ಹೊಡೆದರೆ ಮುಗಿಯಿತು. ಕೈ ಏಳಲಿಲ್ಲ. ದಾಳಗಳನ್ನು ಅವರ ಕಡೆ ಸರಿಸಿದೆ.

"ಬನ್ನಿ ಅತ್ತೆ, ಕರೀತಿದೀನಿ."

"ಗೆಲ್ಲಾ ಆಟ ಬುಟ್ಟಾ?"

ಹೂಂ ಎಂದೆ. ಅತ್ತೆ ಆ ಕಾಯಿಯನ್ನು ಎರಡು ಬೆರಳಲ್ಲಿ ಎತ್ತಿ ಕೆಂಪು ಮನೆಯಲ್ಲಿಟ್ಟು ಅದರ ಮೇಲೆ ಅಂಗೈ ಮುಚ್ಚಿ ಕೂತರು. ಆಟ ಮುಂದಕ್ಕೆ ಹೋಗಲಿಲ್ಲ. ಆಡೋಣ ಎಂದು ನಾನೂ ಕೇಳಲಿಲ್ಲ. ಹಾಲು ಕರೆಯುವ ಹೊತ್ತಾಯಿತೆಂದು ಕೂಗಿದ ದನಗಳೇ ಕೊನೆಗೆ ನಮ್ಮನ್ನು ಎಬ್ಬಿಸಿದವು.

ನನ್ನ ಅಣ್ಣ ಬಾಗಿನ ಹಿಡಿದು ಬಂದ ಒಂದು ವರ್ಷವೂ ಅತ್ತೆ ಕೆಲಸದ ನೆಪ ಹೇಳಿ ನನ್ನನ್ನು ತಡೆಯಲಿಲ್ಲ. ಕರು ಹಾಕುವ ಹಸು ಕೊಟ್ಟಿಗೆಯಲ್ಲಿದ್ದರೂ, ಗಾಣ ನಡೆಯುತ್ತಿದ್ದರೂ, ಮಡಿಲಿಗೆ ಬೆಲ್ಲದಚ್ಚು ಹಾಕಿ, ಕರೆಯೋರು ಇರೋಗಂಟ ಹೋಗಿಬರಬೇಕು ಎಂದು ಕಳಿಸಿದರು. ಬಸ್ಸು ತಿರುವು ದಾಟುವವರೆಗೂ ಜಗಲಿಯಲ್ಲಿ ನಿಂತಿರುತ್ತಿದ್ದರು. ತಮಗೆ ಸಿಗದಿದ್ದನ್ನು ಇನ್ನೊಬ್ಬಳಿಗೆ ಹೀಗೆ ಹೊಟ್ಟೆತುಂಬ ಕೊಡುವುದು ಸುಲಭವಲ್ಲ. ಅದು ನನಗೆ ಗೊತ್ತಾಗಲು ನಾನೇ ಅತ್ತೆಯಾಗುವ ವಯಸ್ಸು ಬರಬೇಕಾಯಿತು.

ಆ ದಶಕ ಮುಗಿಯುವ ಮುಂಚೆ ಜ್ವರವೆಂದು ಮಲಗಿದ ಅತ್ತೆ ಮತ್ತೆ ಏಳಲಿಲ್ಲ. ತೌರಿನ ಸೀರೆ ಹೊದಿಸದೆ ಹೆಣ ಎತ್ತುವ ಹಾಗಿಲ್ಲ ಎಂದು ಎಲ್ಲರೂ ಕಾದರು. ಅತ್ತೆಯ ಅಣ್ಣ ಹಸಿರು ಸೀರೆ ಹಿಡಿದು ಬಂದರು. ಹೊದಿಸಿ, ಕಾಲ ಬಳಿ ಕುಸಿದು ಕೂತರು.

"ಏಳವ್ವಾ, ಕರ್ಕೊಂಡ್ ಓಗಾಕೆ ಬಂದಿವ್ನಿ."

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಆಮೇಲೆ ಆ ಮುದುಕ ಸೀರೆಯ ಸೆರಗನ್ನು ಮತ್ತೆ ಮತ್ತೆ ಸರಿಮಾಡುವುದನ್ನು ನೋಡಿ ಸಿಟ್ಟೂ ಉಳಿಯಲಿಲ್ಲ.

ಆ ಚೀಲದ ಹಾಸಿನ ಮೇಲೆ ಈಗ ಮನೆಯ ಮಕ್ಕಳು ಆಡುತ್ತವೆ. ಕೆಂಪು ಮನೆಯ ನಿಯಮ ದಂಡ, ಯಾರೂ ಯಾರನ್ನೂ ಕರೆಯುವುದಿಲ್ಲ, ತೆಗೆದುಬಿಡೋಣ ಎನ್ನುತ್ತವೆ. ಆಟದ ಲೆಕ್ಕದಲ್ಲಿ ಅವು ಹೇಳುವುದು ಸರಿ. ನಾನು ಮಾತ್ರ ತೆಗೆಯಲು ಬಿಟ್ಟಿಲ್ಲ. ಎದುರಿಗೆ ಅವರೊಬ್ಬರು ಕೂತಿದ್ದರೆ, ಗೆಲ್ಲುವ ಆಟವನ್ನೆಲ್ಲ ಬಿಟ್ಟು ದಿನಾ ಕರೆಯುತ್ತಿದ್ದೆ.