ಮಾಮಾನ ಕೈ ಗೆರೆ ಮುಟ್ಟಿತ್ತೇ?

ಆಗೆಲ್ಲ ನಮ್ಮ ಕಡೆ ಸುದ್ದಿ ಎರಡು ಬಗೆಯಲ್ಲಿ ಬರುತ್ತಿತ್ತು. ದಿಲ್ಲಿ, ಬೆಂಗಳೂರಿನ ಸುದ್ದಿ ಹುಬ್ಬಳ್ಳಿಯಿಂದ ಬರುವ ದೊಡ್ಡ ಪೇಪರಿನಲ್ಲಿ; ನಮ್ಮ ಸುದ್ದಿ ನವಲಗುಂದದಿಂದ ಶುಕ್ರವಾರದ ಮೊದಲ ಬಸ್ಸಿಗೆ ಬರುವ ಸಣ್ಣ ಪೇಪರಿನಲ್ಲಿ. ಅದಕ್ಕೂ ಚಂದದ ಹೆಸರೊಂದಿತ್ತು, ಆದರೆ ಯಾರೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ನಾಲ್ಕೇ ಪುಟ. ಮಸಿ ಬೆರಳಿಗೆ ಹತ್ತುತ್ತಿತ್ತು, ಮೂಗಿಗೆ ಹಿಡಿದರೆ ಸೀಮೆಎಣ್ಣೆಯ ವಾಸನೆ. ಯಾರ ಎಮ್ಮೆ ಕಳೆಯಿತು, ಯಾವ ಊರಿನ ಕೆರೆಯ ಏರಿ ಒಡೆಯಿತು, ಯಾರ ಮಗಳು ಹತ್ತನೇ ಇಯತ್ತೆಯ ಪರೀಕ್ಷೆಯಲ್ಲಿ ಮೊದಲು ಬಂದಳು, ಎಲ್ಲ ಅದರಲ್ಲಿ ಇರುತ್ತಿತ್ತು. ನಮ್ಮೂರಿನ ಸುದ್ದಿ ಬರೆದು ಕಳಿಸುತ್ತಿದ್ದವನು ನಮ್ಮಪ್ಪ.

ಅಪ್ಪ ಟೇಲರ್. ಬಸ್ ನಿಲ್ದಾಣದ ಬಾಜುವಿನ ಸಣ್ಣ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮೇಲೆಯೇ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದ. ಬರೆದದ್ದನ್ನು ಲಕೋಟೆಗೆ ಹಾಕಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ಅದು ನವಲಗುಂದ ಮುಟ್ಟುತ್ತಿತ್ತು. ಶುಕ್ರವಾರ ಮುಂಜಾನೆ ಅದೇ ಅಂಗಡಿಯ ಕಟ್ಟೆಯ ಮೇಲೆ ಪೇಪರನ್ನು ಗಟ್ಟಿಯಾಗಿ ಓದಲಾಗುತ್ತಿತ್ತು. ಓದು ಬಲ್ಲವರೂ ಸುಮ್ಮನೆ ಕುಳಿತು ಕೇಳುತ್ತಿದ್ದರು. ಅಪ್ಪ ಮಾತ್ರ ತಲೆ ಎತ್ತದೆ ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದ.

ನಮ್ಮೂರಿಗೂ ಹಳ್ಳದಾಚೆಯ ಊರಿಗೂ ಕಬಡ್ಡಿಯಲ್ಲಿ ಹಗೆ. ಬೇರೆ ಯಾವುದರಲ್ಲೂ ಇಲ್ಲ. ಹೆಣ್ಣು ಕೊಟ್ಟು ತರುವುದು, ಬೀಜ ಕಡ ಕೇಳುವುದು ಎಲ್ಲ ನಡೆಯುತ್ತಿತ್ತು. ನನ್ನವ್ವನೇ ಆ ಊರಿನವಳು. ಜೋಳ ಹಾಲುಗಾಳಾಗಿ ಹೊಲದಲ್ಲಿ ಎಳೆ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳು ಬಂದವೆಂದರೆ ಎರಡೂ ಊರಿನ ಹುಡುಗರು ತೊಡೆ ತಟ್ಟಲು ಶುರು ಮಾಡುತ್ತಿದ್ದರು. ಆ ಊರಿನ ರೈಡರ್ ಅವ್ವನ ತಮ್ಮ, ನನ್ನ ಶಿವಾನಂದ ಮಾಮಾ. ನಮ್ಮೂರಿನ ಕ್ಯಾಪ್ಟನ್ ಬಸಣ್ಣ, ನಮ್ಮ ಓಣಿಯವನೇ. ಆ ವಾರ ಪೂರ್ತಿ ಅವ್ವನಿಗೆ ಸಾರಿಗೆ ಉಪ್ಪು ಹಾಕಿದ್ದು ನೆನಪಿರುತ್ತಿರಲಿಲ್ಲ. "ಅವ್ವಾ, ನೀ ಯಾರ ಕಡಿ?" ಎಂದು ಕೇಳಿದರೆ, "ನಾ ರೊಟ್ಟಿ ಕಡಿ. ಸುಮ್ನ ತಿನ್ನು" ಎನ್ನುತ್ತಿದ್ದಳು.

ನನಗೆ ಹತ್ತು ವರ್ಷವಾಗಿದ್ದಾಗಿನ ಪಂದ್ಯ ಇದು. ಹತ್ತಿ ಕಿತ್ತ ಹೊಲವನ್ನು ಸಮ ಮಾಡಿ, ನೀರು ಹೊಡೆದು, ಸುಣ್ಣದ ಗೆರೆ ಎಳೆದಿದ್ದರು. ನಾನೂ ನನ್ನ ಗೆಳತಿ ಮಂಜಿಯೂ ಉಡಿಯಲ್ಲಿ ಸೀತನಿ ಕಟ್ಟಿಕೊಂಡು ನಡುಗೆರೆಯ ತುದಿಯಲ್ಲೇ ಜಾಗ ಹಿಡಿದೆವು. ಹೊತ್ತು ಇಳಿಯುವಾಗ ಎರಡೂ ಕಡೆ ಅಂಕ ಸಮ. ಕೊನೆಯ ರೈಡಿಗೆ ಮಾಮಾ ಬಂದ. ಬಸಣ್ಣ ಅವನ ಕಾಲು ಹಿಡಿದ, ಮತ್ತೆ ಮೂವರು ಮೈಮೇಲೆ ಬಿದ್ದರು. ಮಾಮಾ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಮಣ್ಣಿನಲ್ಲಿ ತೆವಳಿದ. ಅವನ ಬಲಗೈ ನನ್ನ ಎದುರಿಗೇ ಚಾಚಿಕೊಂಡಿತು. ಕೈ ಗೆರೆ ಮುಟ್ಟಿದ್ದರೆ ಹಿಡಿದವರೆಲ್ಲ ಔಟ್, ಗೆಲುವು ಅವರದು. ಮುಟ್ಟದಿದ್ದರೆ ಮಾಮಾ ಔಟ್, ಗೆಲುವು ನಮ್ಮದು. ಆದರೆ ಅಷ್ಟು ಹೊತ್ತಿಗೆ ಅಲ್ಲಿ ಗೆರೆ ಎಲ್ಲಿತ್ತು? ಕಾಲಿಗೆ ಸಿಕ್ಕು ಸುಣ್ಣವೆಲ್ಲ ಮಣ್ಣು ಸೇರಿತ್ತು. ಧೂಳು ಬೇರೆ. ಅಂಪೈರ್ ಸೀಟಿ ಊದಿ ಮಾಮಾ ಔಟ್ ಎಂದರು. ನಮ್ಮೂರು ಎದ್ದು ಕುಣಿಯಿತು. ನಾನೂ ಕುಣಿದೆ.

ಸಂಜೆ ಅಪ್ಪ ಹಾಳೆ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಆಮೇಲೆ ನನ್ನನ್ನು ಕರೆದ.

"ಶಾಂತಾ, ನಾ ಆಚೀ ಕಡಿ ಇದ್ದೆ, ನಂಗ ಕಾಣಲಿಲ್ಲ. ನೀ ಗೆರಿ ಹಂತ್ಯಾಕ ಕುಂತಿದ್ದಿ. ಮಾಮಾನ ಕೈ ಮುಟ್ಟಿತ್ತೇನ?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಆ ಸಪ್ಪಳ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಕೈಯ ವಿಷಯ ಮಾತ್ರ ಅಷ್ಟು ಚೆನ್ನಾಗಿ ನೆನಪಿಲ್ಲ.

"ಮುಟ್ಟಿತ್ತು" ಎಂದೆ.

"ಖರೇನ?"

"ಹೂಂ."

ಅಪ್ಪ ಬರೆಯತೊಡಗಿದ. ಶುಕ್ರವಾರ ಕಟ್ಟೆಯ ಮೇಲೆ ಓದಿದಾಗ ಸುದ್ದಿಯ ಕೊನೆಯ ಸಾಲು ಹೀಗಿತ್ತು: ಆಟಗಾರನ ಕೈ ಗೆರೆ ಮುಟ್ಟಿದ್ದನ್ನು ಹತ್ತಿರದಿಂದ ನೋಡಿದವರಿದ್ದು, ತೀರ್ಪು ತಪ್ಪಾಗಿದೆ. ಓದುತ್ತಿದ್ದವನು ಅಲ್ಲಿಗೆ ನಿಲ್ಲಿಸಿದ. ಒಬ್ಬೊಬ್ಬರೇ ಎದ್ದು ಹೋದರು. ಯಾರೋ ಪೇಪರನ್ನು ಮುದ್ದೆ ಮಾಡಿ ಅಂಗಡಿಯೊಳಗೆ ಎಸೆದರು.

ಮಧ್ಯಾಹ್ನ ಬಸಣ್ಣ ಬಂದ. ನಾನು ಅಂಗಡಿಯಲ್ಲೇ ಗುಂಡಿ ಆರಿಸುತ್ತಾ ಕೂತಿದ್ದೆ.

"ಯಾರ ಹೇಳ್ಯಾರ ಕಾಕಾ ನಿಮಗ? ಹೆಸರು ಹೇಳ್ರಿ."

"ಕುಂದರು ಬಸಣ್ಣ."

"ಕುಂದರಾಕ ಬಂದಿಲ್ರಿ. ಹೆಂಡ್ತಿ ತಮ್ಮನ ಸಲುವಾಗಿ ಬರದೀರಿ ಅಂತ ಊರೆಲ್ಲಾ ಅಂತೈತಿ. ಯಾರ ನೋಡ್ಯಾರ?"

ನಾನು ಗುಂಡಿಗಳ ಮೇಲೆ ಬಗ್ಗಿದೆ. ಅಪ್ಪ ನನ್ನ ಕಡೆ ನೋಡಲೇ ಇಲ್ಲ.

"ನಾನ ನೋಡೀನಿ" ಎಂದ.

"ನೀವು ಆಚೀ ಬಾಜೂ ಇದ್ರಿ."

"ನಾನ ನೋಡೀನಿ ಅಂದೆನಲ್ಲ. ನಿನಗ ತಪ್ಪು ಅನಸಿದ್ರ ಪೇಪರಿಗೆ ಬರಿ. ಅವರು ಹಾಕ್ತಾರ. ನಾನ ಕಳಸಿ ಕೊಡ್ತೀನಿ."

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬಸಣ್ಣ ನಿಜಕ್ಕೂ ಬರೆದ, ಮುಂದಿನ ವಾರ ಪತ್ರ ಅಚ್ಚಾಯಿತು. ಅದಕ್ಕೆ ಹಳ್ಳದಾಚೆಯಿಂದ ಉತ್ತರ ಬಂತು. ಹೀಗೆ ಹೋಳಿ ಹುಣ್ಣಿಮೆಯವರೆಗೂ ಎರಡೂ ಊರು ಪೇಪರಿನಲ್ಲಿ ಬೈದಾಡಿದವು. ಊರಿನ ಜನ ಅಪ್ಪನ ಹತ್ತಿರ ಅಂಗಿ ಹೊಲಿಸುವುದು ಬಿಟ್ಟರು. ಮಂಜಿ ನನ್ನನ್ನು ಕುಂಟಾಟಕ್ಕೆ ಸೇರಿಸಿಕೊಳ್ಳಲಿಲ್ಲ. ಅಜ್ಜಿಯ ಮನೆಯಿಂದ ಮಾತ್ರ ಬುಟ್ಟಿ ತುಂಬ ಕರ್ಚಿಕಾಯಿ ಬಂತು. ಅವ್ವ ಅದನ್ನು ನಮಗೆ ಬಡಿಸಿದಳು, ತಾನು ತಿನ್ನಲಿಲ್ಲ. ಪೇಪರಿನಲ್ಲಾದರೂ ತವರು ಗೆದ್ದಿದ್ದಕ್ಕೆ ಅವಳಿಗೆ ಸಂತೋಷವೋ, ಗಂಡನ ಅಂಗಡಿ ಬರಿದಾಗಿದ್ದಕ್ಕೆ ದುಃಖವೋ, ನನಗೆ ತಿಳಿಯಲಿಲ್ಲ. ಬಹುಶಃ ಅವಳಿಗೂ ತಿಳಿದಿರಲಿಲ್ಲ.

ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋದಾಗ ನಾನು ಮಾಮಾನನ್ನೇ ಕೇಳಿಬಿಡಬೇಕೆಂದುಕೊಂಡೆ. ಅವನು ಬಾವಿಕಟ್ಟೆಯ ಮೇಲೆ ಕೂತು ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ.

"ಮಾಮಾ, ನಿನ್ನ ಕೈ ಖರೇನ ಗೆರಿ ಮುಟ್ಟಿತ್ತೇನು?"

ಅವನು ನಕ್ಕುಬಿಟ್ಟ. "ನಾಕ ಮಂದಿ ಮ್ಯಾಲ ಬಿದ್ದಿದ್ರಲೇ ಹುಚ್ಚಿ, ಕಣ್ತುಂಬ ಮಣ್ಣು. ನಂಗೇನ ಕಾಣಬೇಕು? ಆದ್ರ ಮುಟ್ಟಿತ್ತು. ಪೇಪರ್ನ್ಯಾಗ ಬಂದೈತಲ್ಲ!"

ನಾನು ಬಾವಿಯ ನೀರು ನೋಡುತ್ತಾ ನಿಂತೆ. ಪೇಪರಿಗೆ ನಾನು ಹೇಳಿದ್ದೆ. ನನಗೆ ಪೇಪರು ಹೇಳುತ್ತಿತ್ತು. ನಡುವೆ ಕೈ ಎಲ್ಲಿ ಹೋಯಿತು? ಮಾಮಾ ಗೆಲ್ಲಲಿ ಎಂದು ನನಗಿತ್ತೇ, ಅಥವಾ ಅವ್ವನ ಕೈ ನಿಂತದ್ದಕ್ಕೆ ಹಾಗೆಂದೆನೇ, ಅಥವಾ ಕಂಡದ್ದನ್ನೇ ಹೇಳಿದೆನೇ? ಅಪ್ಪನಿಗೆ ಇದನ್ನು ಹೇಳಬೇಕೆಂದು ಎಷ್ಟೋ ಸಲ ಅಂಗಡಿಯವರೆಗೆ ಹೋಗಿ, ದಾರ ಪೋಣಿಸಿಕೊಟ್ಟು ವಾಪಸು ಬಂದಿದ್ದೇನೆ. ದಸರೆಯ ಹೊತ್ತಿಗೆ ಜನ ಮತ್ತೆ ಬಟ್ಟೆ ತಂದರು. ಮೊದಲು ತಂದವನು ಬಸಣ್ಣ. ಅಪ್ಪ ಎದ್ದು ಅವನ ಅಳತೆ ತೆಗೆದುಕೊಂಡ.

ಅಪ್ಪ ಈಗಿಲ್ಲ. ಸಣ್ಣ ಪೇಪರು ಅವನಿಗಿಂತ ಮೊದಲೇ ಹೋಯಿತು. ವಾರಕ್ಕೊಮ್ಮೆ ಬರುತ್ತಿದ್ದದ್ದು ಹದಿನೈದು ದಿನಕ್ಕೆ, ಆಮೇಲೆ ಹಬ್ಬಕ್ಕೆ, ಆಮೇಲೆ ಬರಲೇ ಇಲ್ಲ. ನಿಂತುಹೋಯಿತು ಎಂಬ ಸುದ್ದಿಯನ್ನು ಹಾಕಲು ಯಾವ ಪೇಪರೂ ಇರಲಿಲ್ಲ. ಎರಡೂ ಊರಿನಲ್ಲಿ ಈಗ ಏಳು ಹುಡುಗರು ಕೂಡುವುದು ಕಷ್ಟವಂತೆ. ಪಂದ್ಯಾವಳಿಗೆ ಎರಡೂ ಸೇರಿ ಒಂದೇ ತಂಡ ಕಳಿಸುತ್ತಾರೆ.

ಹೋದ ವರ್ಷ ಮಾಮಾನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗಿದ್ದೆ. ಊಟವಾದ ಮೇಲೆ ನೋಡಿದರೆ ಪಡಸಾಲೆಯಲ್ಲಿ ಮಾಮಾನೂ ಬಸಣ್ಣನೂ ಒಂದೇ ಜಮಖಾನೆಯ ಮೇಲೆ ಕೂತು, ಮೊಮ್ಮಗನ ಮೊಬೈಲಿನಲ್ಲಿ ಕಬಡ್ಡಿ ನೋಡುತ್ತಿದ್ದಾರೆ. ಯಾವುದೋ ದೂರದ ನಗರದ ತಂಡ. ಇಬ್ಬರೂ ಅದರ ಕಡೆಯೇ. ಆ ನಗರಕ್ಕೆ ಇಬ್ಬರೂ ಹೋದವರಲ್ಲ.

ನನಗೇನಾಯಿತೋ, ಅವರೆದುರು ಕೂತು ಹೇಳಿಬಿಟ್ಟೆ. ಅವತ್ತು ನೋಡಿದವನು ಅಪ್ಪನಲ್ಲ, ನಾನು. ನೋಡಿದೆನೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ.

ಇಬ್ಬರೂ ನನ್ನನ್ನು ನೋಡಿದರು. ಜಗಳ ಎದ್ದೀತು ಎಂದು ನಾನು ಕಾದೆ. ಎದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು.

"ಮುಟ್ಟಿತ್ತು ಬಿಡವಾ" ಎಂದ ಬಸಣ್ಣ. "ಕಾಲು ಹಿಡಿದಾವ ನಾನು. ನೀವ ಗೆದ್ದಿದ್ರಿ ಶಿವಾನಂದಾ."

"ಏ ಇಲ್ಲೋ ಮಾರಾಯ" ಎಂದ ಮಾಮಾ. "ಎಲ್ಲಿ ಮುಟ್ಟಿತ್ತು? ನೀವ ಗೆದ್ದಿದ್ರಿ. ಇರ್ಲಿ ಬಿಡು."

"ಇಲ್ಲ ಇಲ್ಲ, ನೀವ."

ಬೀಗರು ಪಂಕ್ತಿಯಲ್ಲಿ ಹೋಳಿಗೆ ಒತ್ತಾಯ ಮಾಡುವಂತೆ ಇಬ್ಬರೂ ಆ ಗೆಲುವನ್ನು ಒಬ್ಬರೆಲೆಗೊಬ್ಬರು ನೂಕಿದರು. ಅಷ್ಟರಲ್ಲಿ ಮೊಮ್ಮಗ "ಅಜ್ಜಾ, ಸೂಪರ್ ರೈಡ್!" ಎಂದು ಕೂಗಿದ. ಎರಡು ತಲೆಗಳೂ ಮೊಬೈಲಿನ ಕಡೆ ಬಾಗಿದವು.

ನಾನು ಖುಷಿಪಡಬೇಕಿತ್ತು. ನನ್ನೊಂದು ಮಾತಿಗೆ ಎರಡು ಊರು ಮುನಿಸಿಕೊಂಡಿದ್ದವು, ಅಪ್ಪ ದಸರೆಯವರೆಗೂ ತಲೆತಗ್ಗಿಸಿ ನಡೆದಿದ್ದ. ಅದೆಲ್ಲ ಇಲ್ಲಿಗೆ ತೀರಿತಲ್ಲ. ಆದರೆ ಎದೆಯಲ್ಲಿ ಏನೋ ಖಾಲಿಯಾದಂತಾಯಿತು. ಅವರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟರೋ, ಅಥವಾ ಅದು ಯಾರಿಗೂ ಬೇಡವಾಗಿತ್ತೋ? ಅಪ್ಪ ಇದ್ದಿದ್ದರೆ ಸಂಜೆ ಹಾಳೆ ಮುಂದಿಟ್ಟು ಕೇಳುತ್ತಿದ್ದೆ: ಹೇಳಪ್ಪಾ, ಇದನ್ನ ಹ್ಯಾಂಗ ಬರೀತಿ? ಯಾರು ಸೋತರು ಅಂತ ಬರೀತಿ?