ಹೊಳೆ ಮೀನು ತರುತ್ತಿದ್ದ ಚಾಚಾ

ಚಾಚಾನ ಬಲಗೈ ತೋರುಬೆರಳಿನ ಮೇಲೆ ಬಲೆಯ ದಾರ ಕೊಯ್ದು ಕೊಯ್ದು ಬಿದ್ದ ಆಳವಾದ ಗೆರೆಯಿತ್ತು. ಉಗುರುಗಳು ನೀರಿನಲ್ಲೇ ನೆನೆದು ಸುಣ್ಣದಂತೆ ಬೆಳ್ಳಗಾಗಿದ್ದವು. ಅಂಥ ಒರಟು ಕೈಯಲ್ಲಿ ಮೀನು ಮಾತ್ರ ಒದ್ದಾಡುತ್ತಿರಲಿಲ್ಲ.

ಆಗ ನಾನು ಶಹಾಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಪಿಎಚ್.ಡಿ.ಗಾಗಿ ಮೀನಿನ ರಕ್ತ ಪರೀಕ್ಷಿಸುತ್ತಿದ್ದೆ. ಹರಿಯುವ ಭೀಮಾ ಹೊಳೆಯ ರೋಹು ಒಂದು ಕಡೆ; ಕೆರೆಯ ಕೆಸರಿನಲ್ಲಿದ್ದು ಆಗಾಗ ಮೇಲೆ ಬಂದು ಗಾಳಿ ಕುಡಿಯುವ ಕೊರಮೀನು ಇನ್ನೊಂದು ಕಡೆ. ಎರಡರ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟು, ಕೆಂಪು ಕಣ ಎಷ್ಟು ಎಂದು ಹೋಲಿಸಬೇಕಿತ್ತು. ಮೀನು ಜೀವಂತವೇ ಬೇಕು. ಯಾದಗಿರಿ ಕಡೆ ಹೊಳೆ ದಂಡೆಯಲ್ಲಿದ್ದ ಚಾಚಾ ಹಾಲಿನ ಕ್ಯಾನಿಗೆ ನೀರು ತುಂಬಿ, ಮೀನು ಬಿಟ್ಟು, ಬಸ್ಸಿನಲ್ಲಿ ತರುತ್ತಿದ್ದರು. ನೀರು ಚೆಲ್ಲಿತೆಂದು ಕಂಡಕ್ಟರ್ ಗೊಣಗಿದರೆ, "ಒಳಗ ಪೇಶಂಟ್ ಅದಾರ್ರಿ, ರಕ್ತ ತಪಾಸಣಿಗಿ ಹೊಂಟಾರ" ಎನ್ನುತ್ತಿದ್ದರಂತೆ.

ಮೊದಮೊದಲು ನನಗೆ ರಕ್ತ ತೆಗೆಯಲು ಬರುತ್ತಿರಲಿಲ್ಲ. ಬಾಲದ ಬಳಿ ಸೂಜಿ ಚುಚ್ಚಿದರೆ ಮೀನು ಜಿಗಿಯುತ್ತಿತ್ತು, ಸಿರಿಂಜಿನಲ್ಲೇ ರಕ್ತ ಹೆಪ್ಪುಗಟ್ಟುತ್ತಿತ್ತು. ಒಂದು ದಿನ ಚಾಚಾ ಹೆಗಲ ಮೇಲಿನ ಟವೆಲ್ ಒದ್ದೆ ಮಾಡಿ ಮೀನಿನ ಕಣ್ಣ ಮೇಲೆ ಹೊದಿಸಿದರು. "ಅದೂ ಹೆದರೇದ, ನೀವೂ ಹೆದರೀರಿ ಮೇಡಂ. ಇಬ್ಬರೊಳಗ ಒಬ್ಬರರ ಸುಮ್ಮನಾಗಬೇಕಲ್ಲ" ಎಂದು ಎರಡೂ ಅಂಗೈಯಲ್ಲಿ ಮೆಲ್ಲಗೆ ಹಿಡಿದರು. ಅಂದು ಮೊದಲ ಬಾರಿ ರಕ್ತ ಸಲೀಸಾಗಿ ಬಂತು.

ಮೂರನೆಯ ವರ್ಷ ಕೋಷ್ಟಕಗಳೆಲ್ಲ ಸಿದ್ಧವಾಗಿ, ಪ್ರಬಂಧ ಒಪ್ಪಿಸುವುದೊಂದೇ ಉಳಿದಿದ್ದಾಗ ಚಾಚಾ ಬರಿಗೈಯಲ್ಲಿ ಬಂದರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

"ಹ್ವಾದ ಮಳಿಗಾಲದಾಗ ತಂದಿದ್ನಲ್ರಿ, ಆರು ರೋಹು, ಅವು ಹೊಳಿವಲ್ಲ. ಕೆರಿವು" ಎಂದರು.

ಆ ವಾರ ಹೊಳೆ ತುಂಬಿ ಬಲೆ ಇಳಿಸುವಂತಿರಲಿಲ್ಲವಂತೆ. ನಾನು ದಿನಕ್ಕೆರಡು ಸಲ ಫೋನು ಮಾಡಿ ಮೀನು ಬೇಕೇ ಬೇಕು ಅನ್ನುತ್ತಿದ್ದೆ. "ರೋಹು ಅಂದ್ರ ರೋಹುನ ಅಲ್ಲಾ ಅಂದ್ಕೊಂಡೆ. ಮೊನ್ನಿ ನೀವು ಕ್ಲಾಸಿನ್ಯಾಗ ಹೇಳಾಕತ್ತಿದ್ರಿ, ನೀರು ಬ್ಯಾರೆ ಆದ್ರ ರಕ್ತನೂ ಬ್ಯಾರೆ ಆಗ್ತದ ಅಂತ. ಬಾಗಿಲದಾಗ ನಿಂತು ಕೇಳಿದೆ. ಅವತ್ತಿಂದ ಊಟ ಸೇರವಲ್ದು."

ಮಳೆಗಾಲದ ಅಂಕಿಗಳು ಮತ್ತೆ ಬೇಕೆಂದರೆ ಮುಂದಿನ ಮಳೆಗಾಲದವರೆಗೆ ಕಾಯಬೇಕು. ಸಿಟ್ಟಿನಲ್ಲಿ, "ಈಗ್ಯಾಕ ಹೇಳಿದ್ರಿ? ಸುಮ್ಮನಿದ್ದಿದ್ರ ಯಾರಿಗಿ ಗೊತ್ತಾಗ್ತಿತ್ತು?" ಎಂದುಬಿಟ್ಟೆ.

"ನನಗ ಗೊತ್ತಿತ್ತಲ್ರಿ."

ಎರಡು ದಿನ ಒದ್ದಾಡಿದೆ, ಕೊನೆಗೆ ಆ ಆರು ಮೀನಿನ ಅಂಕಿಗಳನ್ನು ಹೊಡೆದುಹಾಕಿದೆ. ಮರುವರ್ಷ ಮಳೆ ಹಿಡಿದಾಗ ಚಾಚಾ ತಾವಾಗಿಯೇ ಫೋನು ಮಾಡಿದರು. ಹೊಳೆ ತುಸು ಇಳಿದ ದಿನ ನನ್ನನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು, "ನಿಮ್ಮ ಕಣ್ಣಿಲೆ ನೋಡ್ರಿ, ಆಮ್ಯಾಗ ಬರೀರಿ" ಎಂದು ಒಂದೊಂದೇ ಮೀನನ್ನು ಎತ್ತಿ ತೋರಿಸಿದರು. ಒಂದು ವರ್ಷ ತಡವಾಗಿ ನನಗೆ ಪದವಿ ಬಂತು.

ಎರಡು ವರ್ಷದ ಕೆಳಗೆ ಚಾಚಾಗೆ ಜ್ವರ ಬಿಡುತ್ತಿಲ್ಲವೆಂದು ತಿಳಿದು ನೋಡಲು ಹೋದೆ. ಮಗ ಅಂಗಳದಲ್ಲೇ ತಡೆದ. "ರಕ್ತದ ಕ್ಯಾನ್ಸರ್ ಅಂದಾರ್ರಿ, ಕೈ ಮೀರ್ಯಾದಂತ. ಅಬ್ಬಾಗ ಹೇಳಿಲ್ಲ, ರಕ್ತ ಕಮ್ಮಿ ಆಗ್ಯಾದ ಅಷ್ಟ ಅಂದೀವಿ" ಎಂದ. ಒಳಗೆ ಹೋದರೆ ಚಾಚಾ ದಿಂಬಿನ ಕೆಳಗಿನಿಂದ ರಿಪೋರ್ಟು ತೆಗೆದು ನನ್ನ ಕೈಗಿಟ್ಟರು.

"ಇವರೆಲ್ಲ ಗುಳಿಗಿ ತಗೊಂಡ್ರ ಆರಾಮ ಆಗ್ತದ ಅಂತಾರ. ನಿಮಗ ರಕ್ತ ಓದಾಕ ಬರ್ತದ. ಓದ್ರಿ."

ಬಿಳಿ ಕಣಗಳ ಸಂಖ್ಯೆಯ ಮೇಲೆಯೇ ನನ್ನ ಕಣ್ಣು ನಿಂತಿತು. ಮಗ ನೆಲ ನೋಡುತ್ತ ನಿಂತಿದ್ದ. ಏನಾದರೊಂದು ಹೇಳಿ ಎದ್ದು ಬರಬಹುದಿತ್ತು. ಆ ಮನುಷ್ಯನ ಮುಂದೆ ನನಗದು ಆಗಲಿಲ್ಲ.

"ಇದು ಗುಣ ಆಗೂದಲ್ಲ ಚಾಚಾ."

"ಭಾಳ ದಿನ ಇಲ್ಲೇನು?"

"ಇಲ್ಲ."

ಚಾಚಾ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎದೆಯ ಮೇಲಿಟ್ಟುಕೊಂಡರು. ಆಮೇಲೆ ಮಗನ ಕಡೆ ತಿರುಗಿ, "ಕೆಂಭಾವಿಗಿ ಫೋನ್ ಹಚ್ಚು. ಅಕ್ಕಗ ಬರಾಕ ಹೇಳು" ಎಂದರು. ಮಗಳು ತಾನು ಮೆಚ್ಚಿದವನನ್ನು ಮದುವೆಯಾಗಿ ಕೆಂಭಾವಿಗೆ ಹೋದ ಮೇಲೆ ಆರು ವರ್ಷ ಚಾಚಾ ಅವಳ ಹೆಸರೆತ್ತಿರಲಿಲ್ಲವೆಂಬುದು ನನಗೆ ತಿಳಿದದ್ದೇ ಆಗ.

ಅವಳು ಮರುದಿನದ ಮೊದಲ ಬಸ್ಸಿಗೆ ಬಂದಳು. ಹನ್ನೆರಡನೆಯ ದಿನ ಚಾಚಾ ತೀರಿಕೊಂಡರು.

ಮಣ್ಣಾದ ಮೇಲೆ ಮನೆಗೆ ಹೋದಾಗ ಮಗ ನನ್ನ ಮುಖ ನೋಡಲಿಲ್ಲ. ಅಬ್ಬಾನ ಧೈರ್ಯ ನಾನೇ ಕಸಿದೆನೆಂಬ ಸಿಟ್ಟು ಅವನಿಗೆ ಇವತ್ತಿಗೂ ಇದ್ದೀತು. ಹೊರಡುವಾಗ ಮಗಳು ಬಾಗಿಲವರೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ನನಗ ಹನ್ನೊಂದು ದಿನ ಸಿಕ್ತ್ರಿ" ಎಂದಳು.