ಹನ್ನೆರಡು ಸಾವಿರವೋ, ನೂರೈವತ್ತೋ?

ಸುಣ್ಣದ ಹರಳನ್ನು ನೀರಿಗೆ ಹಾಕಿದರೆ ಅದು ಕೊತಕೊತ ಕುದಿಯುವುದನ್ನು ನೀವೂ ನೋಡಿರಬಹುದು. ನನ್ನ ಮದುವೆಯ ಮರುವರ್ಷ, ಯುಗಾದಿಗೆ ಮುಂಚೆ, ಹುಮನಾಬಾದಿನ ನಮ್ಮ ಅಂಗಳದಲ್ಲಿ ಗೋಡೆಗೆ ಬಳಿಯಲೆಂದು ಹಾಗೆ ಕುದಿಯುತ್ತಿದ್ದ ಸುಣ್ಣ ಸಿಡಿದು ನನ್ನ ಯಜಮಾನರ ಎರಡೂ ಕಣ್ಣಿಗೆ ಬಿತ್ತು. ಡಾಕ್ಟರು ಕಣ್ಣು ತೊಳೆದು ಪಟ್ಟಿ ಕಟ್ಟಿದರು. ಮೂರು ವಾರ ಬಿಚ್ಚಬಾರದು, ದೃಷ್ಟಿ ಎಷ್ಟು ಉಳಿದಿದೆಯೆಂದು ಆಮೇಲೆಯೇ ಹೇಳಬಹುದು ಎಂದರು. ಹೈದರಾಬಾದಿನಲ್ಲಿ ಅವರ ಬಿ.ಎಸ್ಸಿ. ಪರೀಕ್ಷೆಗೆ ಉಳಿದಿದ್ದದ್ದು ಒಂದೇ ತಿಂಗಳು.

ಆಗ ಅಲ್ಲಿ ಕಾಲೇಜಿನ ಪಾಠವೆಲ್ಲ ಉರ್ದುವಿನಲ್ಲೇ, ಪುಸ್ತಕಗಳೂ ಉರ್ದುವಿನವು. ಮಾವನವರಿಗೆ ಉರ್ದು ಬರುತ್ತಿತ್ತು, ಆದರೆ ಅವರು ಹಗಲೆಲ್ಲ ಕಚೇರಿಯಲ್ಲಿ. ಉಳಿದವಳು ನಾನು. ಈಗ ಬಸವಕಲ್ಯಾಣವೆನಿಸಿಕೊಂಡಿರುವ, ನಾವಾಗ ಕಲ್ಯಾಣಿ ಎನ್ನುತ್ತಿದ್ದ ಊರಿನಲ್ಲಿ ಮಾಸ್ತರರಾಗಿದ್ದ ನನ್ನ ಅಪ್ಪ ಉರ್ದುವನ್ನೂ ಬೀಜಗಣಿತವನ್ನೂ ನನಗೆ ಕಲಿಸಿದ್ದರು; ಮದುವೆಯಾದ ಮೇಲೆ ಎರಡಕ್ಕೂ ಕೆಲಸವಿರಲಿಲ್ಲ. ಅತ್ತೆಯವರು ನನ್ನ ಕೈಯಿಂದ ಹಿಟ್ಟಿನ ಬುಟ್ಟಿ ಕಸಿದುಕೊಂಡು, "ಹೋಗವ್ವಾ, ಅವನಿಗಿ ಓದಿ ಹೇಳು. ರೊಟ್ಟಿ ನಾ ಬಡೀತೀನಿ" ಎಂದರು.

ಹೀಗೆ ನಾನು ಭೌತಶಾಸ್ತ್ರದೊಳಗೆ ಕಾಲಿಟ್ಟೆ. ನಾನು ಪ್ರಶ್ನೆ ಓದುವುದು, ಅವರು ಬಾಯಲ್ಲೇ ಬಿಡಿಸುವುದು, ನಾನು ಗುಣಾಕಾರ ಭಾಗಾಕಾರ ಮಾಡಿ ಬರೆಯುವುದು. ಬರಬರುತ್ತ ಆ ಪ್ರಶ್ನೆಗಳು ನನ್ನನ್ನೇ ಹಿಡಿದವು. ಕೆಂಪು ಬೆಳಕನ್ನು ಎಷ್ಟು ಸುರಿದರೂ ಕದಲದ ಎಲೆಕ್ಟ್ರಾನು ಮಂದವಾದ ನೇರಳೆ ಬೆಳಕಿಗೆ ಲೋಹದಿಂದ ಹೊರಗೆ ಚಿಮ್ಮುವುದೆಂದರೇನು! ಕಣವೆಂದು ಎಲ್ಲರೂ ಒಪ್ಪಿದ ಆ ಎಲೆಕ್ಟ್ರಾನಿಗೇ ಅಲೆಯ ಗುಣವೂ ಇರುವುದೆಂದರೇನು! ಲೋಕದಲ್ಲಿ ಯಾರನ್ನೂ ಯಾವುದನ್ನೂ 'ಇದು ಇಷ್ಟೇ' ಎಂದು ಮುಚ್ಚಿಡುವಂತಿಲ್ಲ ಎನಿಸಿ, ಕಾರಣ ತಿಳಿಯದೆಯೇ ನನಗೆ ಹಿಗ್ಗಾಗುತ್ತಿತ್ತು.

ಒಂದು ದಿನದ ಪ್ರಶ್ನೆ ಸುಲಭದ್ದು: ಎಲೆಕ್ಟ್ರಾನಿನ ಅಲೆಯುದ್ದ ಕೊಟ್ಟಿದ್ದರು, ಅದರ ಶಕ್ತಿ ಹೇಳಬೇಕು. ಅವರು ತಡವರಿಸದೆ ಬಿಡಿಸಿದರು. ಉತ್ತರ ಹನ್ನೆರಡು ಸಾವಿರ ಎಲೆಕ್ಟ್ರಾನ್ ವೋಲ್ಟಿಗೂ ಮೇಲೆ. ಬರೆದುಕೊಂಡೆ, ಆದರೆ ಮನಸ್ಸು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಜೋಳ ಹಸನು ಮಾಡುತ್ತ ಕೂತಾಗ ತಪ್ಪು ಫಕ್ಕನೆ ಹೊಳೆಯಿತು. ಮೊರ ಬದಿಗಿಟ್ಟು ಲೆಕ್ಕ ಮಾಡಿದೆ. ನೂರೈವತ್ತು ಬಂತು. ಇನ್ನೊಮ್ಮೆ ಮಾಡಿದೆ. ಮತ್ತೆ ನೂರೈವತ್ತು.

ಲೆಕ್ಕ ಬಿಡಿಸಿದ್ದಕ್ಕಿಂತ ಅದನ್ನು ಹೇಳುವುದೇ ಕಷ್ಟವಾಯಿತು. ಕಣ್ಣು ಹೋದೀತೆಂಬ ಭಯದಲ್ಲಿ ಕೂತ ಮನುಷ್ಯನಿಗೆ, ಅದರಲ್ಲೂ ಗಂಡನಿಗೆ, ನಿನ್ನ ಬುದ್ಧಿಯೂ ತಪ್ಪಿತೆಂದು ಹೇಗೆ ಹೇಳಲಿ? ಹೇಳದಿದ್ದರೆ ಪರೀಕ್ಷೆಯಲ್ಲೂ ಅದನ್ನೇ ಬರೆದಾರು.

"ರೀ, ನಿನ್ನಿ ಲೆಕ್ಕ ತಪ್ಪೇದ ಅನಸ್ತದ್ರಿ."

"ಹ್ಯಾಂಗ ತಪ್ತದ?" ಧ್ವನಿ ಬಿರುಸಾಗಿತ್ತು.

"ನೀವು ಬೆಳಕಿನ ಸೂತ್ರ ಹಾಕೀರಿ. ಎಲೆಕ್ಟ್ರಾನಿಗಿ ತೂಕ ಅದ, ಅದು ಬೆಳಕಿನಷ್ಟು ಜೋರ ಓಡಂಗಿಲ್ಲ ಅಂತ ನೀವೇ ಹೇಳೀರಲ್ರಿ."

ಅವರ ಮುಖ ಕೆಂಪಾಯಿತು. ಎದ್ದು ಹೋಗುತ್ತಾರೆಂದುಕೊಂಡೆ; ಪಟ್ಟಿ ಕಟ್ಟಿದ ಕಣ್ಣಲ್ಲಿ ಎಲ್ಲಿಗೆ ಹೋದಾರು? ಬೆರಳಿನಿಂದ ಮೊಳಕಾಲಿನ ಮೇಲೆ ಏನೇನೋ ಬರೆದರು, ಅಳಿಸಿದರು, ಮತ್ತೆ ಬರೆದರು.

"ನಿಂದೆಷ್ಟು ಬಂತು?"

"ನೂರೈವತ್ರಿ."

"ಹೌದು, ನೂರೈವತ್ತೇ." ಆ ಸುಣ್ಣದ ದಿನದಿಂದ ಮೊದಲ ಬಾರಿಗೆ ನಕ್ಕರು. "ನಾಳಿಂದ ಲೆಕ್ಕ ಮೊದಲ ನೀ ಮಾಡು. ಆಮ್ಯಾಲ ನಾ ಹೇಳ್ತೀನಿ."

ಪಟ್ಟಿ ಬಿಚ್ಚಿದಾಗ ಎಡಗಣ್ಣು ತಿಳಿಯಾಗಿತ್ತು, ಬಲಗಣ್ಣಿಗೆ ಮಂಜು ಉಳಿಯಿತು. ಒಂದೂವರೆ ಕಣ್ಣಿನಲ್ಲೇ ಅವರು ಪರೀಕ್ಷೆ ಬರೆದು ಪಾಸಾದರು. ಫಲಿತಾಂಶದ ಜೊತೆಗೆ ಹೈದರಾಬಾದಿನಿಂದ ಇನ್ನೊಂದು ಕಾಗದವನ್ನೂ ತಂದರು: ನಾನು ಮನೆಯಲ್ಲೇ ಓದಿ ಮೆಟ್ರಿಕ್ ಬರೆಯಲು ತುಂಬಬೇಕಾದ ಅರ್ಜಿ.

"ಸೊಸಿ ಪರೀಕ್ಷಾ ಬರದ್ರ ಮಂದಿ ಏನಂತಾರ?" ಎಂದು ಮಾವನವರು ಗೊಣಗಿದರು. ಯಜಮಾನರು ಅರ್ಜಿ ತುಂಬುತ್ತಲೇ ಹೋದರು. ಹೆಸರಾಯಿತು, ಊರಾಯಿತು. 'ಉದ್ಯೋಗ' ಎಂಬಲ್ಲಿ ಲೇಖನಿ ನಿಂತಿತು. "ಇಲ್ಲಿ ಏನ ಬರೀಲಿ?" ಎಂದು ನನ್ನನ್ನು ಕೇಳಿದರು.

ಯಾವ ಭಾಷೆಯ ಅಕ್ಷರವನ್ನೂ ಅರಿಯದ ಅತ್ತೆಯವರು ಒಲೆಯ ಮುಂದಿನಿಂದ ಹೊರಳಿಯೂ ನೋಡದೆ ಹೇಳಿದರು:

"ಓದಾಕತ್ತಾಳ ಅಂತ ಬರಿ."